ಪೆಟ್ಟು ಬಿಟ್ಟ ಜಾಗದಲ್ಲಿ

ಸ್ಕಾ ಹಾಡಿನಲ್ಲಿ ಗಿಟಾರು ತಾಳದ ಪೆಟ್ಟಿನ ಮೇಲೆ ನುಡಿಯುವುದಿಲ್ಲ. ಎರಡು ಪೆಟ್ಟುಗಳ ನಡುವಿನ ತೆರಪಿನಲ್ಲಿ ಚಕ್ಕೆಂದು ನುಡಿದು ಸುಮ್ಮನಾಗುತ್ತದೆ. 1950ರ ದಶಕದ ಕೊನೆಯಲ್ಲಿ ಜಮೈಕಾದಲ್ಲಿ ಮೂಡಿದ ಈ ಸಂಗೀತ ಹೊರಜಗತ್ತಿನ ಕಿವಿಗೆ ಬಿದ್ದದ್ದು 1964ರಲ್ಲಿ, ಮಿಲ್ಲಿ ಸ್ಮಾಲ್ ಹಾಡಿದ 'ಮೈ ಬಾಯ್ ಲಾಲಿಪಾಪ್' ಬಂದಾಗ. ಅದರ ವಾದ್ಯ ಸಂಯೋಜನೆ ಗಿಟಾರ್ ವಾದಕ ಅರ್ನೆಸ್ಟ್ ರ‍್ಯಾಂಗ್ಲಿನ್ ಅವರದು.

ಅರಸೀಕೆರೆಯ ಮನೆಯಲ್ಲಿ ಕೂತು ಇದನ್ನು ಕಲಿಯತೊಡಗಿದಾಗ ನನ್ನ ನೆರವಿಗೆ ಬಂದದ್ದು ಚಿಕ್ಕಮ್ಮನ ಸಂಗೀತ ಪಾಠ. ಆದಿತಾಳ ಹಾಕುತ್ತ, "ಪೆಟ್ಟು ಬೀಳ್ಲಿ, ಅರ್ಧ ಅಕ್ಷರ ಬಿಟ್ಟು ಎತ್ಕೊಳ್ಳೇ" ಎನ್ನುತ್ತಿದ್ದರು. ಅನಾಗತ ಎಡುಪಿನ ಕೃತಿ ಹಾಡಿದವರಿಗೆ ಇದು ಹೊಸತಲ್ಲ: ತೊಡೆಯ ಮೇಲೆ ಕೈ ತಾಳ ಕಾಯುತ್ತದೆ, ಕಂಠ ಅದರ ಹಿಂದೆ ಹೊರಡುತ್ತದೆ. ಆದರೆ ಕೃತಿಯಲ್ಲಿ ಸಾಲು ಹಿಡಿಯುವಲ್ಲಿ ಮಾತ್ರ ಹಾಗೆ. ಸ್ಕಾದಲ್ಲಿ ಹಾಡು ಮುಗಿಯುವವರೆಗೂ ಗಿಟಾರು ಆ ತೆರಪಿನಲ್ಲೇ ಇರಬೇಕು. ನನ್ನ ಗಿಟಾರು ಕೇಳಿ ಚಿಕ್ಕಮ್ಮ ದಾರಿಯನ್ನೂ ತೋರಿಸಿದರು: "ತಕಧಿಮಿ ಹೇಳ್ಕೊ. 'ತ'ಕ್ಕೂ 'ಧಿ'ಗೂ ಕಾಲು ತಟ್ಟು. 'ಕ'ಕ್ಕೂ 'ಮಿ'ಗೂ ತಂತಿ." ಯಾವ ಪಾಠದಲ್ಲೂ ಇದಕ್ಕಿಂತ ನೇರವಾದ ಮಾತು ನನಗೆ ಸಿಕ್ಕಿಲ್ಲ.

ಬಲಗೈ ಕೆಲಸ ಸುಲಭ. ಸಣ್ಣ ಮೂರು ತಂತಿಗಳನ್ನು ಮೇಲ್ಮುಖವಾಗಿ ಸವರಬೇಕು. ಪೆಟ್ಟಿನ ಜಾಗದಲ್ಲಿ ಕೈ ತಂತಿ ಮುಟ್ಟದೆ ಬರಿದೇ ಕೆಳಗಿಳಿಯುತ್ತದೆ, ತಾಳದ ಹುಸಿಯಂತೆ. ನಿಜವಾದ ಕಲೆ ಎಡಗೈಯದು. ತಂತಿ ನುಡಿದ ಕೂಡಲೇ ಬೆರಳುಗಳ ಒತ್ತಡ ಸಡಿಲಬೇಕು. ಪೂರ್ತಿ ಎತ್ತಿದರೆ ತಂತಿ ಗುಂಯ್‌ಗುಡುತ್ತದೆ. ಮುಟ್ಟಿದಂತೆಯೇ ಇಟ್ಟು ಸಡಿಲಿಸಿದರೆ ನಾದ ಅಲ್ಲೇ ತುಂಡಾಗುತ್ತದೆ. ಬಿಡಿ ತಂತಿಗಳಿಲ್ಲದ ಬಾರ್ ಕಾರ್ಡ್‌ಗಳನ್ನು ಇದಕ್ಕೆ ಹೆಚ್ಚಾಗಿ ಬಳಸುವುದು ಆ ಕಾರಣಕ್ಕೇ. ನಾದವನ್ನು ಎಬ್ಬಿಸುವಷ್ಟೇ ಶ್ರದ್ಧೆ ಅದನ್ನು ನಿಲ್ಲಿಸುವುದಕ್ಕೂ ಬೇಕು.

ಬೇಲೂರಿಗೆ ಹೋದಾಗ ಈಗ ನಾನು ಮದನಿಕೆಯರ ಮುಖ ಬಿಟ್ಟು ಅವರ ಕಾಲಬಳಿ ವಾದ್ಯ ಹಿಡಿದು ನಿಂತ ಪುಟ್ಟ ಮೂರ್ತಿಗಳನ್ನು ಹುಡುಕುತ್ತೇನೆ. 1117ರ ಚೆನ್ನಕೇಶವನಲ್ಲೂ ಹಳೇಬೀಡಿನ ಹೊಯ್ಸಳೇಶ್ವರನ ಗೋಡೆಗಳಲ್ಲೂ ನರ್ತಕಿಯ ಜೊತೆ ಮೇಳದವರನ್ನು ಬಿಡಿಸಲು ಶಿಲ್ಪಿ ಮರೆತಿಲ್ಲ. ಕಣ್ಣು ಸೆಳೆಯುವವಳು ಅವಳು, ಹೆಜ್ಜೆಗೆ ನೆಲ ಕೊಡುವವರು ಇವರು. ಸ್ಕಾ ಮೇಳದಲ್ಲೂ ಟ್ರಾಂಬೋನು, ಸ್ಯಾಕ್ಸೊಫೋನು ಮುಂದೆ, ಗಿಟಾರು ಪಕ್ಕಕ್ಕೆ. ಆ ಪಕ್ಕದ ಜಾಗವನ್ನು ನಾನು ಮನಸಾರೆ ಒಪ್ಪಿದ್ದೇನೆ.

ಹೊಸದಾಗಿ ಕಲಿಯುವವರು ವೇಗಕ್ಕೆ ಆಸೆಪಡಬೇಡಿ. ಒಂದೇ ಕಾರ್ಡ್ ಹಿಡಿದು ವಿಳಂಬದಲ್ಲಿ ತಕಧಿಮಿ ಹೇಳಿಕೊಳ್ಳಿ. ಕಾಲು ತಪ್ಪದೆ ನಡೆಯುವವರೆಗೂ ಎರಡನೆಯ ಕಾರ್ಡಿಗೆ ಹೋಗಬೇಡಿ.