ಕಬ್ಬಿನ ಹಂಗಾಮು, ಮಹಾವ್ಯಾಧನ ನೀಹಾರಿಕೆ

1
ಡಿಸೆಂಬರ್ ನಡುವಿಗೆ ಮಹಾವ್ಯಾಧ ನಡುರಾತ್ರಿ ನೆತ್ತಿಯ ಹತ್ತಿರ ಬರುತ್ತಾನೆ. ಮೂರು ಚುಕ್ಕಿಯ ನಡುಪಟ್ಟಿ, ಅದರ ಕೆಳಗೆ ಕತ್ತಿ, ಕತ್ತಿಯಲ್ಲೊಂದು ಮಸುಕು. ಅದೇ ಎಂ42 ನೀಹಾರಿಕೆ. ಚಿಕ್ಕೋಡಿಯಲ್ಲಿ ನಿಂತವರಿಗೆ ದಕ್ಷಿಣ ದಿಗಂತದಿಂದ 68 ಡಿಗ್ರಿ ಎತ್ತರ. ಕಾರ್ಖಾನೆಗಳು ಕಬ್ಬು ನುರಿಸುವುದೂ ಆಗಲೇ.

2
ಧ್ರುವ ನಕ್ಷತ್ರ ಇಲ್ಲಿ 16 ಡಿಗ್ರಿ ಮೇಲಷ್ಟೇ. ನೀಹಾರಿಕೆಯ ಫೋಟೊ ತೆಗೆಯಲು ದೂರದರ್ಶಕದ ಮೌಂಟನ್ನು ಧ್ರುವದತ್ತ ಹೊಂದಿಸಿ ನಿಲ್ಲಿಸಬೇಕು. ಇಲ್ಲವಾದರೆ ಭೂಮಿ ತಿರುಗಿದಂತೆ ಚಿತ್ರದಲ್ಲಿ ಚುಕ್ಕಿಗಳು ಗೆರೆಯಾಗುತ್ತವೆ. ರಾಯಬಾಗದ ಒಂದು ಹೊಲದಲ್ಲಿ ಉತ್ತರಕ್ಕೆ ಬರೀ ಕಬ್ಬು. ಗ್ಯಾಂಗ್‌ನವರು ಬಂದು ಕಡಿದ ದಿನ ರಾತ್ರಿ ಧ್ರುವ ಕಂಡಿತು.

3
ಕಟಾವಾದ ಮೇಲೆ ಉಳಿದ ಒಣಗರಿಗೆ, ರವದಿಗೆ, ಬೆಂಕಿ. ಕರಿ ಎಳೆಗಳು ಗಾಳಿಯಲ್ಲಿ ತೇಲಿ ಬಂದು ಲೆನ್ಸಿನ ಮೇಲೆ ಕೂರುತ್ತವೆ. ಒರೆಸಬಾರದು, ಊದಬೇಕು. ಒರೆಸಿದರೆ ಗೀರು.

4
ಕಾಗವಾಡದಿಂದ ವಾಯವ್ಯಕ್ಕೆ ಮಿರಜ, ಸಾಂಗಲಿಗಳ ಬೆಳಕು. ನೀಹಾರಿಕೆ ದಕ್ಷಿಣಕ್ಕೆ. ಬೆನ್ನ ಹಿಂದೆ ಎರಡು ಊರು ಬೆಳಗುತ್ತಿದ್ದರೂ ಕೆಲಸ ನಡೆಯುತ್ತದೆ.

5
ಹೊಳೆಸಾಲಿನಲ್ಲಿ ಇಬ್ಬನಿ. ದೂರದರ್ಶಕದ ಕೊಳವೆಯ ಬಾಯಿಗೆ ಬಿಸಿಪಟ್ಟಿ ಸುತ್ತುತ್ತಾರೆ. ಅದಕ್ಕೆ ಕರೆಂಟು ಟ್ರ್ಯಾಕ್ಟರಿನ ಬ್ಯಾಟರಿಯಿಂದ.

6
ನೀರು ಹಾಯಿಸಲು ಬಂದ ಅಜ್ಜ ದೂರದರ್ಶಕಕ್ಕೆ ಕಣ್ಣಿಟ್ಟರು. ಬೂದಿ ಬಣ್ಣದ ಮಂಜು, ನಡುವೆ ನಾಲ್ಕು ಚುಕ್ಕಿ. ಆಮೇಲೆ ಕ್ಯಾಮೆರಾದ ಪರದೆ ನೋಡಿದರು. ಗುಲಾಬಿ, ಕೆಂಪು.
“ಕಣ್ಣಾಗ ಬೂದಿ, ಇದರಾಗ ಕೆಂಪು. ಯಾವುದು ಖರೇರಿ?”

7
ಕೆಂಪು ಜಲಜನಕದ್ದು, 656.3 ನ್ಯಾನೋಮೀಟರ್. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳಿಗೆ ಆ ಕೆಂಪು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಮಾಮೂಲಿ ಕ್ಯಾಮೆರಾದೊಳಗಿನ ಫಿಲ್ಟರೂ ಅದರ ಬಹುಪಾಲನ್ನು ತಡೆಯುತ್ತದೆ. ಕೆಲವರು ಆ ಫಿಲ್ಟರನ್ನು ತೆಗೆಸಿಬಿಡುತ್ತಾರೆ. ಆಮೇಲೆ ಅದೇ ಕ್ಯಾಮೆರಾದಲ್ಲಿ ಮನೆಯವರ ಫೋಟೊ ತೆಗೆದರೆ ಎಲ್ಲರ ಮುಖವೂ ಕೆಂಪು.

8
ನಡುವಿನ ನಾಲ್ಕು ಚುಕ್ಕಿಗಳಿಗೆ ಟ್ರೆಪೀಜಿಯಂ ಎಂದು ಹೆಸರು. ಕೆಲವೇ ಸೆಕೆಂಡು ತೆರೆದರೆ ನಾಲ್ಕೂ ಬಿಡಿಬಿಡಿ. ನಿಮಿಷಗಟ್ಟಲೆ ತೆರೆದರೆ ಅಂಚಿನ ರೆಕ್ಕೆಗಳು ಬರುತ್ತವೆ, ನಾಲ್ಕು ಚುಕ್ಕಿಗಳು ಬಿಳುಪಿನಲ್ಲಿ ಮುಳುಗುತ್ತವೆ. ಎರಡು ಬಗೆಯನ್ನೂ ತೆಗೆದು ಕೂಡಿಸುತ್ತಾರೆ.

9
ಮುಚ್ಚಳ ಹಾಕಿಯೂ ಚಿತ್ರ ತೆಗೆಯುತ್ತಾರೆ. ಬರೀ ಕಪ್ಪು. ಸೆನ್ಸರಿನ ಸ್ವಂತ ಚುಕ್ಕೆಗಳು ಅದರಲ್ಲಿ ಸಿಗುತ್ತವೆ. ಅವನ್ನು ನೀಹಾರಿಕೆಯ ಚಿತ್ರದಿಂದ ಕಳೆಯುತ್ತಾರೆ.

10
ನೀಹಾರಿಕೆಯೊಂದರ ಮೊದಲ ಫೋಟೊ ಎಂ42ರದ್ದೇ. ಅಮೆರಿಕದ ಹೆನ್ರಿ ಡ್ರೇಪರ್, 1880ರ ಸೆಪ್ಟೆಂಬರ್ 30, ಒಂದು ಗಾಜಿನ ಫಲಕ, 51 ನಿಮಿಷ. ಈಗ ಅಷ್ಟೇ ಹೊತ್ತನ್ನು ಅರ್ಧರ್ಧ ನಿಮಿಷದ ತುಣುಕು ಮಾಡಿ, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸುತ್ತಾರೆ. ನೂರು ಚಿತ್ರ ಪೇರಿಸಿದರೆ ಚಿತ್ರದ ಕಾಳುಕಾಳುತನ ಹತ್ತನೇ ಒಂದು ಪಾಲಿಗೆ ಇಳಿಯುತ್ತದೆ. ಹತ್ತು ಸಾಲದೇ, ನೂರು ಯಾಕೆ ಬೇಕು ಎಂದು ಹುಡುಗನೊಬ್ಬ ಕೇಳಿದ. ವರ್ಗಮೂಲದ ಲೆಕ್ಕ: ನೂರರ ವರ್ಗಮೂಲ ಹತ್ತು.

11
ಅಥಣಿಯಿಂದ ಕೃಷ್ಣೆ ದಾಟಿದರೆ ಜಮಖಂಡಿ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣಕ್ಕೆ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಅಲ್ಲಿ ಬೀಡುಬಿಟ್ಟಿದ್ದ. ಮಳೆಗಾಲ. ಮೋಡದ ಸಂದಿಯಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದ. ಹೊಳೆಯುವ ಗೆರೆಗಳು, ಅಂದರೆ ಅನಿಲ. ಭಾರತದಲ್ಲಿದ್ದಾಗ ದಕ್ಷಿಣದ ನೀಹಾರಿಕೆಗಳ ಬೆಳಕನ್ನೂ ಹೀಗೇ ಪರೀಕ್ಷಿಸಿದ.
ಈ ಜಾನ್‌ನ ಅಜ್ಜ ವಿಲಿಯಂ ಹರ್ಷೆಲ್ 1774ರ ಮಾರ್ಚ್‌ನಲ್ಲಿ ವೀಕ್ಷಣೆಯ ದಿನಚರಿ ಶುರುಮಾಡಿದ್ದು ಮಹಾವ್ಯಾಧನ ನೀಹಾರಿಕೆಯಿಂದ. ಅಪ್ಪ ಅದೇ ನೀಹಾರಿಕೆಯನ್ನು ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿ ಕುಳಿತು ಕೈಯಲ್ಲಿ ಬಿಡಿಸಿದ.

12
ನೀಹಾರಿಕೆಯಿಂದ ಬೆಳಕು ಇಲ್ಲಿಗೆ ಬರಲು 1,300 ವರ್ಷಕ್ಕೂ ಹೆಚ್ಚು. ಈಗ ಕ್ಯಾಮೆರಾಕ್ಕೆ ಬೀಳುತ್ತಿರುವುದು ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು.

13
ಏಪ್ರಿಲ್‌ಗೆ ಕಾರ್ಖಾನೆಗಳ ಹೊಗೆ ನಿಂತಿರುತ್ತದೆ. ಮಹಾವ್ಯಾಧ ಮುಸ್ಸಂಜೆಗೇ ಪಡುವಣಕ್ಕೆ ವಾಲಿರುತ್ತಾನೆ. ಜೂನ್‌ನಲ್ಲಿ ಸೂರ್ಯ ಮಹಾವ್ಯಾಧನ ತಲೆಯ ಮೃಗಶಿರಾಕ್ಕೆ ಬರುತ್ತಾನೆ. ಮೃಗಶಿರಾ ಮಳೆಗೆ ಬಿತ್ತುವವರಿಗೆ ಆ ನಕ್ಷತ್ರ ಕಾಣುವುದಿಲ್ಲ.

14
ನಿಪ್ಪಾಣಿಯಲ್ಲಿ ಒಬ್ಬರು ತಾವು ತೆಗೆದ ನೀಹಾರಿಕೆಯ ಚಿತ್ರವನ್ನು ತಂಬಾಕಿನ ಅಂಗಡಿಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಬಂದವರು ಯಾವ ಹೂವು ಎಂದು ಕೇಳುತ್ತಾರೆ.