ಬಾಡಿಗೆಯ ಕಾರಿನಲ್ಲಿ ನಾಲ್ಕು ತಾಲ್ಲೂಕುಗಳು

ಪ್ರವಾಸವೆಂದೊಡನೆ ದೂರದೇಶಗಳೇ ನೆನಪಿಗೆ ಬರುವುದು ಲೋಕರೂಢಿ. ಇಟಲಿಯ ಟಸ್ಕನಿ ಸೀಮೆಯಲ್ಲಿ ಕಾರೊಂದನ್ನು ಬಾಡಿಗೆಗೆ ಪಡೆದು, ದ್ರಾಕ್ಷಿಯ ತೋಟಗಳ ನಡುವೆ ಹಳ್ಳಿಯಿಂದ ಹಳ್ಳಿಗೆ ಸುತ್ತಿಬಂದವರ ವೃತ್ತಾಂತಗಳನ್ನು ಓದಿ ನಾವೆಲ್ಲರೂ ಸಂತೋಷಪಟ್ಟವರೇ ಸರಿ. ಆದರೆ ಸ್ವಂತ ಜಿಲ್ಲೆಯ ಹಳ್ಳಿಗಾಡನ್ನು ಅದೇ ಆಸ್ಥೆಯಿಂದ ನೋಡಿಬಂದವರು ನಮ್ಮಲ್ಲಿ ಎಷ್ಟು ಮಂದಿ? 1997ನೆಯ ಆಗಸ್ಟ್ 15ರಂದು ದಾವಣಗೆರೆಯು ಪ್ರತ್ಯೇಕ ಜಿಲ್ಲೆಯಾದಾಗ ಶಿವಮೊಗ್ಗೆಯ ಕಡೆಯಿಂದ ಚನ್ನಗಿರಿ, ಹೊನ್ನಾಳಿಗಳೂ, ಚಿತ್ರದುರ್ಗದ ಕಡೆಯಿಂದ ಜಗಳೂರೂ ಇದಕ್ಕೆ ಸೇರಿದುವು. ನ್ಯಾಮತಿಯು ತರುವಾಯ ಹೊನ್ನಾಳಿಯಿಂದ ಬೇರ್ಪಟ್ಟು ತಾನೂ ಒಂದು ತಾಲ್ಲೂಕಾಯಿತು. ಹೆಸರಿಗೆ ಒಂದೇ ಜಿಲ್ಲೆಯಾದರೂ ಒಂದು ಕಡೆ ಅಡಕೆಯ ತೋಟ, ಇನ್ನೊಂದು ಕಡೆ ಮಳೆಯ ದಾರಿ ಕಾಯುವ ಬೆದ್ದಲು. ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ನೋಡಿಬರಬೇಕೆಂದು ಹಳೆಯ ವಿದ್ಯಾರ್ಥಿನಿಯರಾದ ನಾವು ಮೂವರು ಕಳೆದ ದೀಪಾವಳಿಯ ಬಳಿಕ ನಿಶ್ಚಯಿಸಿದೆವು.

ನಮ್ಮೊಡನೆ ಹೊರಟವರು ನಮ್ಮಲ್ಲೊಬ್ಬಳ ತಾಯಿ. ವಯಸ್ಸು ಎಂಬತ್ತನ್ನು ದಾಟಿದೆ. ಅವರ ತವರು ಜಗಳೂರು ಸೀಮೆಯ ಒಂದು ಸಣ್ಣ ಹಳ್ಳಿ. ಅದನ್ನು ಇನ್ನೊಮ್ಮೆ ಕಣ್ಣಾರೆ ಕಾಣಬೇಕೆಂಬುದು ಅವರ ಬಹುದಿನದ ಆಸೆ. 2023ನೆಯ ಜೂನ್ 11ರಿಂದ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ನಾಡಿನ ಸ್ತ್ರೀಯರಿಗೆ ಪ್ರಯಾಣವು ಉಚಿತವಾಗಿರಲು, ಕಾರಿಗೆ ಹಣ ಸುರಿಯುವುದೇಕೆಂದು ಮನೆಯಲ್ಲಿ ಕೇಳಿದವರುಂಟು. ಬಸ್ಸಿನ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಅದರ ಮೆಟ್ಟಿಲು ಆ ತಾಯಿಯ ಮೊಣಕಾಲಿಗೆ ಎತ್ತರವಾಯಿತು. ಮೇಲಾಗಿ ಬಸ್ಸು ಊರಿಂದ ಊರಿಗೆ ಒಯ್ಯುತ್ತದೆಯೇ ಹೊರತು ಕೆರೆಯ ಏರಿಯ ಮೇಲೆ, ಹೊಲದ ಬದುವಿನ ಬಳಿ ನಿಲ್ಲುವುದಿಲ್ಲ. ಹಳ್ಳಿಗಾಡಿನ ಪ್ರವಾಸದ ಸಾರವೆಲ್ಲವೂ ನಿಲ್ಲುವುದರಲ್ಲಿಯೇ ಇದೆ.

ಕಾರನ್ನು ಗೊತ್ತುಮಾಡುವ ಕೆಲಸವನ್ನು ಅಣ್ಣತಮ್ಮಂದಿರಿಗೆ ಒಪ್ಪಿಸದೆ ನಾವೇ ಮಾಡಿದೆವು. ಈ ವಿಷಯದಲ್ಲಿ ನಾವು ತಿಳಿದುಕೊಂಡುದನ್ನು ಇಲ್ಲಿ ಹೇಳಿದರೆ ಇತರರಿಗೂ ಪ್ರಯೋಜನವಾದೀತು. ಮೊದಲು ನೋಡತಕ್ಕದ್ದು ಸಂಖ್ಯೆಯ ಫಲಕ. ಹಳದಿಯ ಮೇಲೆ ಕಪ್ಪು ಅಕ್ಷರವಿದ್ದರೆ ಅದು ಚಾಲಕನೊಡನೆ ದೊರೆಯುವ ಬಾಡಿಗೆಯ ಕಾರು. ಕಪ್ಪಿನ ಮೇಲೆ ಹಳದಿ ಅಕ್ಷರವಿದ್ದರೆ ಬಾಡಿಗೆ ಹಿಡಿದವರೇ ನಡೆಸಿಕೊಳ್ಳತಕ್ಕದ್ದು. ಬಿಳಿಯ ಫಲಕದ ಮನೆಯ ಕಾರನ್ನು ಕಡಿಮೆ ಹಣಕ್ಕೆ ಕೊಡುವೆವೆಂದು ಯಾರಾದರೂ ಕರೆದರೆ ಒಪ್ಪಕೂಡದು. ಅದು ಕಾಯಿದೆಗೆ ವಿರುದ್ಧವಾದುದು. ಅಪಘಾತವಾದರೆ ವಿಮೆಯ ಹಣಕ್ಕೂ ತೊಡಕಾದೀತು. ಎರಡನೆಯದಾಗಿ, ಹೊರ ಊರಿನ ಬಾಡಿಗೆಗೆ ದಿನವೊಂದಕ್ಕೆ ಕನಿಷ್ಠ 250 ಅಥವಾ 300 ಕಿಲೋಮೀಟರುಗಳ ಹಣವನ್ನು ಹಿಡಿಯುವ ವಾಡಿಕೆಯುಂಟು, ಕಾರು ಅಷ್ಟು ಓಡಲಿ, ಬಿಡಲಿ. ನಮ್ಮ ಮೂರು ದಿನಗಳ ದಾರಿಯೆಲ್ಲ ಸೇರಿ 350ರ ಸುಮಾರು ಮಾತ್ರ. ಹಳ್ಳಿ ಸುತ್ತುವವರಿಗೆ ದೂರವು ಸ್ವಲ್ಪ, ಹೊತ್ತು ಬಹಳ. ಆದುದರಿಂದ ದಿನಕ್ಕೆ ಇಷ್ಟು ಬಾಡಿಗೆ, ಇಂಧನದ ವೆಚ್ಚ ನಮ್ಮದು ಎಂದು ಮಾತನಾಡಿಕೊಂಡೆವು. ಲೆಕ್ಕವು ಮಾಲೀಕರ ಶೆಡ್ಡಿನಿಂದ ಮೊದಲಾಗುವುದೋ ನಮ್ಮ ಬಾಗಿಲಿನಿಂದಲೋ, ಚಾಲಕನ ಬಾಟಾ ಎಷ್ಟು, ರಾತ್ರಿ ಅವನು ಮಲಗುವುದೆಲ್ಲಿ ಎಂಬಿವೆಲ್ಲವನ್ನೂ ಒಂದು ಕಾಗದದಲ್ಲಿ ಬರೆದು ಉಭಯತ್ರರೂ ರುಜು ಹಾಕಿದೆವು.

ಇಟಲಿಯಂಥ ದೇಶಗಳಲ್ಲಿ ಬಾಡಿಗೆ ಹಿಡಿದವರು ತಾವೇ ಕಾರನ್ನು ನಡೆಸುತ್ತಾರೆ. ನಮ್ಮವರು ಅಲ್ಲಿಗೆ ಹೋಗುವುದಾದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಇಲ್ಲಿಯೇ ಪಡೆದುಕೊಂಡು ಹೋಗಬೇಕು. ಅಲ್ಲಿನ ಹಳೆಯ ಪಟ್ಟಣಗಳ ಎಷ್ಟೋ ಬೀದಿಗಳಿಗೆ ಹೊರಗಿನ ಕಾರುಗಳು ನುಗ್ಗುವಂತಿಲ್ಲ; ನುಗ್ಗಿದರೆ ಕ್ಯಾಮೆರಾ ಗುರುತಿಸುತ್ತದೆ, ದಂಡದ ಕಾಗದವು ಮನೆಗೇ ಬರುತ್ತದೆ. ಅಲ್ಲಿ ಬಾಡಿಗೆಗೆ ಸಿಕ್ಕುವುದು ಬರಿಯ ಯಂತ್ರ. ನಮ್ಮಲ್ಲಿ ಬಹುಮಟ್ಟಿಗೆ ಯಂತ್ರದೊಡನೆ ಒಬ್ಬ ಮನುಷ್ಯನ ದಿನವೂ ನಮ್ಮ ಕೈಗೆ ಬರುತ್ತದೆ. ಈ ಭೇದವನ್ನು ಮರೆಯದಿರುವುದೇ ಇಂಥ ಪ್ರವಾಸದ ಮೊದಲ ಪಾಠವೆಂದು ನಮಗೆ ತೋರಿತು.

ಮೊದಲನೆಯ ದಿನ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಬಂದೆವು. ಪಾಳೆಯಗಾರರ ಕಾಲದ ಅಲ್ಲಿನ ಪುಷ್ಕರಣಿಯ ನಡುವೆ ವಸಂತ ಮಂಟಪವು ನೀರಿನಲ್ಲಿ ನೆರಳು ಚೆಲ್ಲಿ ನಿಂತಿದೆ. ದಡದಲ್ಲಿ ಮುಸಾಫಿರಖಾನೆ, ಎಂದರೆ ದಾರಿಗರು ತಂಗುವ ಮನೆ. ದೊಡ್ಡದೊಂದು ಜಲಾಶಯವನ್ನು ಕಟ್ಟಿಸಿದ ಕಡೆ ದಾರಿ ನಡೆದು ದಣಿದವನಿಗೂ ಒಂದು ಮಾಡು ಬೇಕೆಂಬುದು ಹಿಂದಿನವರಿಗೆ ತಿಳಿದಿತ್ತು. ಅಲ್ಲಿಂದ ಸೂಳೆಕೆರೆಗೆ ಹೋದೆವು. ಶಾಂತಿಸಾಗರವೆಂಬುದು ಅದರ ಇನ್ನೊಂದು ಹೆಸರು. ಹರಿದ್ರಾ ಎಂಬ ಹೊಳೆಗೆ ಎರಡು ಗುಡ್ಡಗಳ ನಡುವಣ ಇಕ್ಕಟ್ಟಿನಲ್ಲಿ ಅಡ್ಡಗಟ್ಟಿದ ಏರಿಯು ಸಾವಿರ ಅಡಿಯಷ್ಟೂ ಉದ್ದವಿಲ್ಲ. ಅದರ ಹಿಂದಿನ ನೀರೋ ಕಣ್ಣು ಹಾಯುವಷ್ಟು ದೂರ. ರಾಜಪುತ್ರಿ ಶಾಂತವ್ವೆಯು ಕೆರೆ ಕಟ್ಟಿಸುವಾಗ ಗಣಿಕೆಯರು ತಮ್ಮ ನೆಲವನ್ನು ಬಿಟ್ಟುಕೊಟ್ಟು, ಪ್ರತಿಯಾಗಿ ಕೆರೆಗೆ ತಮ್ಮ ಹೆಸರಿರಲೆಂದು ಮಾತ್ರ ಕೇಳಿದರೆಂದು ಐತಿಹ್ಯ. ಸಿದ್ಧನಾಲೆ, ಬಸವನಾಲೆಗಳಲ್ಲಿ ಇದರ ನೀರು ಹೊಲಗದ್ದೆಗಳಿಗೆ ಹರಿಯುತ್ತದೆ. ಚಿತ್ರದುರ್ಗದ ನಗರಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ. ಹೆಂಗಸರ ಹೆಸರಿನಲ್ಲಿ ನಿಂತ ನೀರು ಎಷ್ಟು ಮನೆಗಳ ಬಾಯಾರಿಕೆ ಕಳೆಯಿತೆಂದು ಏರಿಯ ಮೇಲೆ ಕುಳಿತು ಎಣಿಸಿಕೊಂಡೆವು.

ಚನ್ನಗಿರಿಯ ಹೆಸರೂ ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂದುದೆಂದು ಹೇಳುತ್ತಾರೆ. ಶಿವಾಜಿಯ ಮಗನಾದ ರಾಜಾರಾಮನಿಗೆ ಮೊಗಲರ ಬೆದರಿಕೆಗೆ ಬಗ್ಗದೆ ಆಶ್ರಯವಿತ್ತವಳು ಅವಳೇ. ನಾವು ಹೋದದ್ದು ಅಡಕೆಯ ಸುಗ್ಗಿಯ ಕಾಲ. ಸುಲಿಯುವ ಹೆಂಗಸರ ಸಾಲು, ಬೇಯಿಸುವ ಹಂಡೆಯ ಹೊಗೆ, ಕಣದ ತುಂಬ ಹರಡಿದ ಕೆಂಪು ರಾಶಿ, ಎಲ್ಲೆಲ್ಲಿಯೂ ಚೊಗರಿನ ವಾಸನೆ. ಸಂಜೆಗೆ ಹೊನ್ನಾಳಿಯನ್ನು ಸೇರಿ ತಂಗಿದೆವು. ಕರಾರಿನಂತೆ ಚಾಲಕನಿಗೂ ಒಂದು ಕೋಣೆಯನ್ನು ಹಿಡಿದೆವು. ಅವನು, "ಕಾರಿನಾಗ ಮಕ್ಕೋತೀನ್ರೀ ಅಕ್ಕಾರೆ, ಇದಕ್ಯಾಕ ರೊಕ್ಕ?" ಎಂದು ಸಂಕೋಚಪಟ್ಟನು.

ಮರುದಿನ ತುಂಗಭದ್ರೆಯ ದಡದಿಂದ ಹೊರಟು ನ್ಯಾಮತಿಯ ಕಡೆ ತಿರುಗಿದೆವು. ಆ ದಾರಿಯಲ್ಲಿ ಅರ್ಧ ರಸ್ತೆಯನ್ನು ಮೆಕ್ಕೆಜೋಳವೇ ಹಿಡಿದಿತ್ತು. ಒಕ್ಕಲು ಮಕ್ಕಳು ರಾಶಿಯನ್ನು ಕಾಲಿನಿಂದ ಸವರುತ್ತ ಒಣಗಿಸುತ್ತಿದ್ದರು. ಚಾಲಕನು ಒಂದು ಕಾಳೂ ಚಕ್ರಕ್ಕೆ ಸಿಕ್ಕದಂತೆ ನಿಧಾನವಾಗಿ ನಡೆಸಿದನು. ಲಂಬಾಣಿ ಜನರ ಪೂಜ್ಯರಾದ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪವನ್ನೂ, ಬೇಸಗೆಯಲ್ಲಿಯೂ ಬತ್ತದ ಚಿಲುಮೆಯುಳ್ಳ ತೀರ್ಥರಾಮೇಶ್ವರವನ್ನೂ ನೋಡಿ, ಹರಿಹರದ ಮಾರ್ಗವಾಗಿ ದಾವಣಗೆರೆಯ ಕಡೆ ಮರಳಿದೆವು. ಭದ್ರಾ ನಾಲೆಯ ನೀರುಂಡ ಗದ್ದೆಗಳು ದಾರಿಯಲ್ಲಿ ತೆನೆ ಬಾಗಿ ನಿಂತಿದ್ದುವು.

ಆ ಸಂಜೆ ಪರೀಕ್ಷೆಯೊಂದು ಎದುರಾಯಿತು. ಕಾರಿನ ಮಾಲೀಕರು ಚಾಲಕನಿಗೆ ಫೋನು ಮಾಡಿ, ರಾತ್ರಿ ಬೆಂಗಳೂರಿಗೆ ಒಂದು ಬಾಡಿಗೆ ಬಂದಿದೆ, ಬಿಟ್ಟುಬಂದು ಬೆಳಗಿನ ಜಾವಕ್ಕೆ ಇವರನ್ನು ಜಗಳೂರಿಗೆ ಕರೆದೊಯ್ಯಿ ಎಂದರು. ಹೋಗಿಬರಲು ಐನೂರು ಕಿಲೋಮೀಟರಿಗೂ ಮಿಗಿಲು. ಚಾಲಕನು, "ನಮಗಿದು ರೂಢಿ ಐತ್ರೀ" ಎಂದನು. ಸಾರಿಗೆಯ ಕಾರ್ಮಿಕರನ್ನು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಗಳಿಗಿಂತ ಹೆಚ್ಚು ದುಡಿಸಕೂಡದೆಂದು 1961ರ ಕಾಯಿದೆಯು ವಿಧಿಸಿತ್ತು. ಆದರೆ ಐವರಿಗಿಂತ ಕಡಮೆ ಆಳುಗಳುಳ್ಳ ಉದ್ಯಮಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಒಂದೆರಡು ಕಾರುಗಳನ್ನಿಟ್ಟುಕೊಂಡವರ ಬಳಿ ದುಡಿಯುವವನಿಗೆ ಕಾಯಿದೆಯ ಆಸರೆ ಎಲ್ಲಿಯದು? ಅವನ ನಿದ್ದೆಯನ್ನು ಕಾಯಬೇಕಾದವರು ಹಣ ಕೊಟ್ಟು ಕಾರು ಹತ್ತುವವರೇ.

ಒಂದು ದಿನ ತಡೆದು ಹೋಗೋಣವೆಂದರೆ ನಮ್ಮಲ್ಲೊಬ್ಬಳಿಗೆ ಮರುದಿನ ರಾತ್ರಿಯೇ ಕೆಲಸದ ಊರಿಗೆ ರೈಲು. ಅವಳು ಜಗಳೂರನ್ನು ಬಿಡಬೇಕಾಗುತ್ತಿತ್ತು. ತಾಯಿಗೋ ವರ್ಷಗಳಿಂದ ಕಾದ ದಿನ. ಎಲ್ಲರೂ ಸುಮ್ಮನಿದ್ದಾಗ ಆ ತಾಯಿಯೇ, "ಇಷ್ಟು ವರ್ಷ ಕಾದ ತವರು ಇನ್ನೊಂದು ದಿನಕ್ಕೆ ಎಲ್ಲಿಗೂ ಓಡಿಹೋಗುವುದಿಲ್ಲ, ಹುಡುಗ ಮಲಗಲಿ" ಎಂದರು. ರೈಲು ಹಿಡಿಯಬೇಕಾದವಳು, "ಜಗಳೂರನ್ನು ನೀವು ನೋಡಿಬಂದು ನನಗೆ ಹೇಳಿರಿ" ಎಂದಳು. ಕಾರು ಬೇಕಾದರೆ ಬೆಂಗಳೂರಿಗೆ ಹೋಗಲಿ, ಚಾಲಕನು ಮಾತ್ರ ಬೇರೆಯವನಾಗಲಿ, ನಾವು ಒಂದು ದಿನ ಬಿಟ್ಟು ಹೊರಡುವೆವು ಎಂದು ಮಾಲೀಕರಿಗೆ ತಿಳಿಸಿದೆವು. ಅವರು ಗೊಣಗಿದರಾದರೂ ಒಪ್ಪಿದರು. ಚಾಲಕನ ಮುಖ ಮಾತ್ರ ಅರಳಲಿಲ್ಲ. ಕಾರಣ ಕೇಳಲು ರಾತ್ರಿಯ ಬಾಟಾ ಕೈಬಿಟ್ಟುಹೋದುದೆಂದು ತಿಳಿಯಿತು. ನಮ್ಮ ಧರ್ಮಬುದ್ಧಿಯ ಖರ್ಚನ್ನು ಬಡವನ ತಲೆಗೆ ಕಟ್ಟುವುದು ನ್ಯಾಯವಲ್ಲವಷ್ಟೆ. ಆ ಹಣವನ್ನು ನಾವೇ ಕೊಟ್ಟೆವು.

ಒಂದು ದಿನ ಬಿಟ್ಟು ಜಗಳೂರಿಗೆ ಹೊರಟೆವು. ನೆಲದ ಬಣ್ಣವೇ ಬೇರೆಯಾಯಿತು. ಗದ್ದೆಯಿಲ್ಲ, ತೋಟ ವಿರಳ. ಶೇಂಗಾ, ಮೆಕ್ಕೆಜೋಳ, ಕುರುಚಲು ಗುಡ್ಡ. ಕೊಂಡುಕುರಿಗಳ ರಕ್ಷಣೆಗಾಗಿ 2011ರಲ್ಲಿ ವನ್ಯಧಾಮವೆಂದು ಸಾರಲ್ಪಟ್ಟ ರಂಗಯ್ಯನದುರ್ಗದ ಕಾಡು ಈ ತಾಲ್ಲೂಕಿನದೇ. ಬರಗಾಲವೆಂಬುದು ಇಲ್ಲಿಗೆ ಹೊಸ ಅತಿಥಿಯಲ್ಲ. ತಾವು ಹುಡುಗಿಯಾಗಿದ್ದಾಗ ಬೇಸಗೆಯಲ್ಲಿ ಕೊಡ ಹೊತ್ತು ನಡೆದ ದಾರಿಯನ್ನು ತಾಯಿಯು ಕಾರಿನ ಕಿಟಕಿಯಿಂದ ಬೆರಳು ಮಾಡಿ ತೋರಿಸಿದರು. ಕಾರು ಅದನ್ನು ಕೆಲವೇ ನಿಮಿಷಗಳಲ್ಲಿ ದಾಟಿತು. ಅವರು ಮಾತ್ರ ಬಹಳ ಹೊತ್ತು ಮಾತನಾಡಲಿಲ್ಲ.

ತುಂಗಭದ್ರೆಯ ನೀರನ್ನು ಮೇಲೆತ್ತಿ ಕೊಳವೆಗಳಲ್ಲಿ ತಂದು ಜಗಳೂರು ತಾಲ್ಲೂಕಿನ 57 ಕೆರೆಗಳನ್ನು ತುಂಬಿಸುವ ಯೋಜನೆಯ ಸಂಗತಿಯನ್ನು ಅನೇಕರು ಕೇಳಿರಬಹುದು. ನಾವು ಹೋದಾಗ ಆ ಹಳ್ಳಿಯ ಕೆರೆಯಲ್ಲಿ ನೀರು ನಿಂತಿತ್ತು. ತವರಿನ ಮನೆ ಬಿದ್ದು ಗೋಡೆಯಷ್ಟೇ ಉಳಿದಿತ್ತು; ಗುರುತು ಹಿಡಿಯುವವರೂ ಇಬ್ಬರೇ. ಚಾಲಕನು ಹೇಳಿಸಿಕೊಳ್ಳದೆಯೇ ಕಾರನ್ನು ಕೆರೆಯ ಅಂಚಿನವರೆಗೂ ಒಯ್ದು, "ಹುಷಾರಿ ಅಜ್ಜಿ" ಎಂದು ಕೈಹಿಡಿದು ಇಳಿಸಿದನು. ಅವರು ಬಾಗಿ ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹೊನ್ನಾಳಿಯಲ್ಲಿ ನಾವು ಎಣಿಕೆಯಿಲ್ಲದೆ ನೋಡಿಬಂದ ನದಿಯ ನೀರೇ ಅದು.

ಪ್ರವಾಸಕ್ಕೆ ದೂರ ಹೋಗಲೇಬೇಕೆಂಬುದಿಲ್ಲ. ಹೋದ ಕಡೆ ನಿಲ್ಲಲು ಸಾವಧಾನ ಬೇಕು, ಒಯ್ದವನನ್ನು ನೆನೆಯುವ ಮನಸ್ಸು ಬೇಕು. ತಂದೆತಾಯಿಗಳಲ್ಲಿ ನಮ್ಮದೊಂದು ಬಿನ್ನಹ. ಮುಂದಿನ ರಜೆಯಲ್ಲಿ ನಿಮ್ಮ ಮಗಳ ಕೈಯಿಂದಲೇ ಒಂದು ಕಾರನ್ನು ಗೊತ್ತುಮಾಡಿಸಿರಿ. ಕರಾರನ್ನು ಅವಳೇ ಬರೆಯಲಿ, ಲೆಕ್ಕವನ್ನು ಅವಳೇ ಇಡಲಿ, ಚಾಲಕನಿಗೆ ಊಟವಾಯಿತೇ ಎಂದು ಅವಳೇ ವಿಚಾರಿಸಲಿ. ಮನೆಯಲ್ಲಿ ಅಜ್ಜಿಯಿದ್ದರೆ ಅವರ ತವರು ಯಾವುದೆಂದು ಮೊದಲು ಕೇಳಿರಿ. ದಾರಿಯು ಅಲ್ಲಿಂದಲೇ ಗೊತ್ತಾಗುವುದು.