ಸೋಮವಾರದ ದೇವರು

ನಾವು ಆರು ದಿನ ದುಡಿಯುವವರು, ಏಳನೆಯ ದಿನ ಮಂಡಿಯೂರುವವರು. ಕುಂದಾಪುರದ ಹಂಚಿನ ಕಾರ್ಖಾನೆಯಲ್ಲಿ ಅಬ್ಬಿ ತಲೆ ಮೇಲೆ ಹಂಚು ಹೊತ್ತಳು. ಬ್ರಹ್ಮಾವರದ ಕಡೆ ಅಣ್ಣ ಕೆಂಪುಕಲ್ಲು ಕಡಿದ. ಬೈಂದೂರಿನ ಕಡೆ ಅಕ್ಕ ಗೇರುಬೀಜ ಒಡೆದಳು. ಬೀಜದ ಸಿಪ್ಪೆಯ ಎಣ್ಣೆ ಸುಟ್ಟು ಕಪ್ಪಾದ ಕೈಗಳನ್ನೇ ಜೋಡಿಸಿ ಆದಿತ್ಯವಾರ ಪ್ರಾರ್ಥನೆ ಮಾಡಿದಳು. ಆ ಕೈಗಳ ಬಗ್ಗೆ ಚರ್ಚಿನಲ್ಲಿ ಒಂದೇ ಒಂದು ಪ್ರಸಂಗವನ್ನೂ ನಾವು ಕೇಳಲಿಲ್ಲ.

ಹಂಚಿನ ಒಲೆಗೆ ಬೆಂಕಿ ಹಾಕಿದ ಮೇಲೆ ನಡುವೆ ಆರಿಸುವ ಹಾಗಿಲ್ಲ. ಬೆಂಕಿಗೆ ಆದಿತ್ಯವಾರ ಗೊತ್ತಿಲ್ಲ. ಹಾಗೆ ಪ್ರಾರ್ಥನೆ ತಪ್ಪಿಸಿದ ಒಂದು ವಾರ ಪಾದ್ರಿಗಳು ಗದರಿದರು. ಅಬ್ಬಿ ತಗ್ಗಿಸಿದ ತಲೆ ಎತ್ತದೆಯೇ ಅಂದಳು: "ಅಯ್ಯಾ, ಬೆಂಕಿ ಆರಿರೆ ಹಂಚೆಲ್ಲ ಹಾಳಾತ್ತ್. ದೇವ್ರ್ ಚರ್ಚಂಗೆ ಮಾತ್ರ ಇಪ್ದಾ? ಒಲಿ ಹತ್ರ ಇಲ್ಯಾ?"

ಇದು ಹಳೆಯ ಪ್ರಶ್ನೆ. 1834ರಲ್ಲಿ ಮಂಗಳೂರಿಗೆ ಬಾಸೆಲ್ ಮಿಷನ್ ಬಂದಾಗ, ಕ್ರಿಸ್ತನ ಹೆಸರು ಹಿಡಿದವರನ್ನು ಜಾತಿ ಹೊರಗೆ ಹಾಕಿತು. ಕಸುಬು ಹೋಯಿತು. ಬರೀ ಪ್ರಸಂಗದಿಂದ ಹೊಟ್ಟೆ ತುಂಬಲಿಲ್ಲ. ಮಗ್ಗ ಬಂತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಅನ್ನ ಬಂತು, ನಿಜ. ಆದರೆ ಕೂಲಿ ಕೂಲಿಯಾಗಿಯೇ ಉಳಿಯಿತು.

ಸರ್ಕಾರದ ಲೆಕ್ಕ ನೋಡಿ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯವರೆಂದರೆ ಹಿಂದೂಗಳು ಮಾತ್ರ. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಇಂದಿಗೂ ಹೊರಗೆ. ನಮ್ಮ ಆದಿತ್ಯವಾರ ಬದಲಾದದ್ದನ್ನು ಕಂಡು ಸೋಮವಾರವೂ ಬದಲಾಯಿತೆಂದು ಸರ್ಕಾರ ತಿಳಿಯಿತು. ಕೇರಿ ಅದೇ, ಕೂಲಿ ಅದೇ. ಚರ್ಚಿನಲ್ಲೂ ನಮಗೆ ಹಿಂದಿನ ಬೆಂಚೇ.

ಗೇರುಬೀಜದ ಕೂಲಿ ಕಿಲೋ ಲೆಕ್ಕ. ಅಕ್ಕನ ಕಡೆ ತಕ್ಕಡಿ ದಿನಾ ಚೂರು ಚೂರು ನುಂಗುತ್ತಿತ್ತು. ತೂಗುವವನು ಆದಿತ್ಯವಾರ ನಮ್ಮ ಮುಂದಿನ ಬೆಂಚಿನಲ್ಲಿ ನಿಂತು ಹಾಡುವವನು! ಅಕ್ಕ ಬೈಬಲ್ಲಿನಲ್ಲಿ ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ತೆಗೆದಳು. ಕೊಯ್ಲಿನವರ ಕೂಲಿ ಹಿಡಿದಿಟ್ಟ ಸಿರಿವಂತರನ್ನು ಅಲ್ಲಿ ಬಾಯಿಬಿಟ್ಟು ಬೈದಿದೆ. ಸೋಮವಾರ ಹನ್ನೊಂದು ಹೆಂಗಸರು ಬೀಜವನ್ನು ತೂಕಕ್ಕೆ ಕೊಡದೆ ಕುಳಿತರು. "ಪ್ಯಾಟಿ ಅಂಗಡಿ ತಕ್ಕಡಿ ತನ್ನಿ, ಎರಡ್ರಂಗೂ ತೂಗಿ" ಅಂದರು. ಸಂಜೆಗೆ ತಕ್ಕಡಿ ಬದಲಾಯಿತು. ಮರುವಾರ ಅಕ್ಕನಿಗೆ ಕೆಲಸ ಇರಲಿಲ್ಲ.

ಗೆಳೆಯರೇ, ದುಡಿಮೆಯೇ ದೇವರೆಂದು ಧಣಿ ಹೇಳಿದರೆ ಒಮ್ಮೆ ಅವನ ತಕ್ಕಡಿ ನೋಡಿ. ಬೆವರು ತಾನಾಗಿ ಪೂಜೆಯಾಗುವುದಿಲ್ಲ. ನಜರೇತಿನ ಬಡಗಿ ಬೋಧಿಸಿದ್ದು ಕೆಲವೇ ವರ್ಷ. ಅದಕ್ಕೆ ಮೊದಲು ಉಳಿ ಹಿಡಿದು ದುಡಿದವನು, ಕೂಲಿಯ ಬೆಲೆ ಬಲ್ಲವನು. ಅವನನ್ನು ನಾವು ಹುಡುಕಬೇಕಾದದ್ದು ಪಕ್ಕದವಳ ಕೂಲಿಗಾಗಿ ಎದ್ದು ನಿಲ್ಲುವ ಕಡೆ. ಇದನ್ನು ನಮಗೆ ಕಲಿಸಿದ್ದು ಯಾವ ಪ್ರಸಂಗವೂ ಅಲ್ಲ, ಕೆಲಸ ಕಳೆದುಕೊಂಡ ಅಕ್ಕ.

ಆ ರಾತ್ರಿ ಗಂಜಿಯಲ್ಲಿ ನೀರೇ ಹೆಚ್ಚು. ಬಟ್ಟಲ ಮುಂದೆ ಅಕ್ಕ ಕಣ್ಣು ಮುಚ್ಚಿ ಬಹಳ ಹೊತ್ತು ಕೂತಿದ್ದಳು. ಅಬ್ಬಿ ಅವಳ ಭುಜ ಮುಟ್ಟಿ ಅಂದಳು: "ಹೆಣೆ, ನೀ ಸೋಮವಾರವೇ ಪ್ರಾರ್ಥನೆ ಮಾಡ್ಕಂಡ್ ಬಂದಿದ್ಯಲೆ. ಈಗ ಉಣ್ಣ್."